ಸಾಣೆಕಲ್ಲು ಕೂರಿಸಲು ಕಲಿಸಿದ ಮೇಷ್ಟ್ರು

ತುಮಕೂರಿನ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದು 1984ರಿಂದ 1987ರವರೆಗೆ. ಈ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ವಾರ್ಷಿಕೋತ್ಸವದ ನಾಟಕ, ಸಿದ್ಧಗಂಗೆಯ ಜಾತ್ರೆ, ದೇವರಾಯನದುರ್ಗದ ಚಾರಣ ಇವುಗಳನ್ನೆಲ್ಲ ನನಗಿಂತ ಸೊಗಸಾಗಿ ಬರೆಯಬಲ್ಲವರು ನನ್ನ ಸಹಪಾಠಿಗಳಲ್ಲೇ ಇದ್ದಾರೆ ಎನ್ನಿಸಿತು. ನಾನು ಬರೆಯಲೇಬೇಕಾದದ್ದು ವರ್ಕ್‌ಶಾಪಿನ ಪೆಡಸ್ಟಲ್ ಗ್ರೈಂಡರಿನ, ಅಂದರೆ ಎರಡು ತುದಿಗಳಲ್ಲಿ ಸಾಣೆಕಲ್ಲು ತಿರುಗುವ ನಿಂತ ಯಂತ್ರದ ಬಗ್ಗೆ, ಅದರ ಕಲ್ಲನ್ನು ಹೇಗೆ ಕೂರಿಸಬೇಕೆಂದು ನಮಗೆ ಕಲಿಸಿದ ಮೇಷ್ಟ್ರ ಬಗ್ಗೆ. ಮೊದಲು ಪೀಣ್ಯದಲ್ಲಿ, ಆಮೇಲೆ ಊರಿಗೆ ಮರಳಿ ಅಂತರಸನಹಳ್ಳಿಯಲ್ಲಿ ಟೂಲ್ ರೂಮಿನ ಕೆಲಸದಲ್ಲೇ ನನ್ನ ವೃತ್ತಿ ಕಳೆಯಿತು. ಆ ವರ್ಷಗಳಲ್ಲಿ ಅವರ ಆ ಪಾಠದಷ್ಟು ನನ್ನ ಕೈಗೆ ಬಂದದ್ದು ಬೇರೊಂದಿಲ್ಲ.

ಫಿಟ್ಟಿಂಗ್ ವಿಭಾಗದವರಿಗೆ ಉಳಿಗೆ ಸಾಣೆ ಹಿಡಿಯಬೇಕು, ಲೇತ್ ವಿಭಾಗದವರಿಗೆ ಟೂಲ್ ಬಿಟ್ ಮಸೆಯಬೇಕು, ಡ್ರಿಲ್ಲಿನ ಮೊನೆಯನ್ನು 118 ಡಿಗ್ರಿಗೆ ತರಬೇಕು, ಸೆಂಟರ್ ಪಂಚ್ ಮೊಂಡಾಗಿರುತ್ತದೆ. ಹೀಗೆ ವರ್ಕ್‌ಶಾಪಿನಲ್ಲಿ ಎಲ್ಲರೂ ದಿನಕ್ಕೊಮ್ಮೆಯಾದರೂ ಬಂದು ನಿಲ್ಲುತ್ತಿದ್ದದ್ದು ಆ ಗ್ರೈಂಡರಿನ ಮುಂದೆ. ಎಡಕ್ಕೆ ಒರಟು ಕಲ್ಲು, ಬಲಕ್ಕೆ ನಯದ ಕಲ್ಲು. ಅಷ್ಟು ಕೈಗಳು ಬಳಸುವ ಕಲ್ಲು ಸವೆಯುವುದೂ ಬೇಗ. ಸವೆದ ಕಲ್ಲನ್ನು ತೆಗೆದು ಹೊಸದನ್ನು ಹಾಕುವ ಕೆಲಸವನ್ನು ಸಾಮಾನ್ಯವಾಗಿ ವರ್ಕ್‌ಶಾಪಿನ ಅಟೆಂಡರಿಗೆ ಬಿಟ್ಟುಬಿಡುತ್ತಾರೆ. ನಮ್ಮ ಮೇಷ್ಟ್ರು ಹಾಗೆ ಮಾಡಲಿಲ್ಲ. ಕೋಲಾರದ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ದುಡಿದು ಆಮೇಲೆ ಪಾಠಕ್ಕೆ ಬಂದವರು ಅವರು. ಹೊಸ ಕಲ್ಲು ಸ್ಟೋರಿನಿಂದ ಬಂದ ದಿನ ಉಳಿದ ಪ್ರಾಕ್ಟಿಕಲ್ ಎಲ್ಲವನ್ನೂ ನಿಲ್ಲಿಸಿ, ಇಡೀ ಬ್ಯಾಚನ್ನು ಸುತ್ತ ನಿಲ್ಲಿಸಿಕೊಂಡು, ನಮ್ಮ ಕೈಯಿಂದಲೇ ಅದನ್ನು ಕೂರಿಸುತ್ತಿದ್ದರು.

ಮೊದಲು ಕಲ್ಲಿಗೆ ಅಂಟಿಸಿದ ಕಾಗದದ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಸುವರು. ‘ಎ 60 ಕೆ 5 ವಿ’ ಎಂದಿದ್ದರೆ ಎ ಎಂದರೆ ಅಲ್ಯುಮಿನಿಯಮ್ ಆಕ್ಸೈಡ್, ಉಕ್ಕಿಗೆ ಸರಿಯಾದದ್ದು. 60 ಎಂದರೆ ಕಣದ ಗಾತ್ರ. ಕೆ ಎಂದರೆ ಕಲ್ಲು ಎಷ್ಟು ಮೆದು ಅಥವಾ ಗಟ್ಟಿ ಎಂಬುದರ ಅಳತೆ. 5 ಎಂದರೆ ಕಣಗಳ ನಡುವಿನ ಒತ್ತೊತ್ತು. ವಿ ಎಂದರೆ ಆ ಕಣಗಳನ್ನು ಹಿಡಿದಿರುವ ಅಂಟು ವಿಟ್ರಿಫೈಡ್, ಅಂದರೆ ಜೇಡಿಮಣ್ಣಿನ ಜಾತಿಯದು, ಗೂಡಿನಲ್ಲಿ ಸುಟ್ಟದ್ದು. ಅದೇ ಕಾಗದದ ಮೇಲೆ ಆ ಕಲ್ಲು ತಾಳಬಲ್ಲ ಗರಿಷ್ಠ ವೇಗವೂ ಇರುತ್ತದೆ. ಮೋಟಾರಿನ ಫಲಕದ ಮೇಲಿನ, ನಿಮಿಷಕ್ಕೆ ಎಷ್ಟು ಸುತ್ತೆಂದು ಹೇಳುವ ಆರ್‌ಪಿಎಮ್ ಅದಕ್ಕಿಂತ ಹೆಚ್ಚಾಗಿದ್ದರೆ ಕಲ್ಲು ಸ್ಟೋರಿಗೆ ವಾಪಸ್ಸು. ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಸದ್ದಿನ ಪರೀಕ್ಷೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಕಿವಿಗೊಡುವ ಹಾಗೆಯೇ ಇದೂ. ಸುಟ್ಟ ಮಣ್ಣಿನ ಅಂಟು ಇರುವ ಕಲ್ಲಿಗೂ ಬಿರುಕು ಬಿಟ್ಟರೆ ಸ್ವರ ಹೋಗುತ್ತದೆ. ಪ್ಯಾಕಿಂಗಿನ ಹೊಟ್ಟನ್ನು ಬ್ರಷ್ಷಿನಿಂದ ಚೆನ್ನಾಗಿ ಒರೆಸಿ, ಕಲ್ಲು ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ನಡುವಿನ ರಂಧ್ರದಲ್ಲಿ ಬೆರಳು ತೂರಿಸಿ ಅದನ್ನು ತೂಗುಬಿಡಬೇಕು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ, ಅಂಚಿನಿಂದ ಒಂದೆರಡು ಇಂಚು ಒಳಗೆ, ನಡುಗೆರೆಯಿಂದ 45 ಡಿಗ್ರಿ ಆಚೆಗೊಮ್ಮೆ ಈಚೆಗೊಮ್ಮೆ ಮೆಲ್ಲಗೆ ತಟ್ಟಬೇಕು. ಕಲ್ಲನ್ನು 45 ಡಿಗ್ರಿ ತಿರುಗಿಸಿ ಮತ್ತೆ ತಟ್ಟಬೇಕು. ಬೆರಳಿಗೆ ತೂಗದ ದೊಡ್ಡ ಕಲ್ಲನ್ನು ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ತಟ್ಟುತ್ತಿದ್ದೆವು. ಆಗ ನೆತ್ತಿಯ ಮೇಲೆ ನೇರ ಹೊಡೆದರೆ ಒಳ್ಳೆಯ ಕಲ್ಲೂ ಮಂಕಾಗಿ ಕೇಳಿಸಿ ಮೋಸ ಮಾಡುತ್ತದೆ ಎಂದು ಎಚ್ಚರಿಸುತ್ತಿದ್ದರು. ಕಿವಿಗೆ ರೂಢಿಯಾಗಲೆಂದು ಅವರು ಒಂದು ಬಿರುಕು ಬಿಟ್ಟ ಕಲ್ಲನ್ನು, ಯಾರೂ ಮರೆತು ಯಂತ್ರಕ್ಕೆ ಹಾಕಬಾರದೆಂದು ಕೆಂಪು ಬಣ್ಣ ಬಳಿದು ರಂಧ್ರಕ್ಕೆ ಮರದ ಬೆಣೆ ಜಡಿದು, ಗೋಡೆಗೆ ನೇತು ಹಾಕಿದ್ದರು. ಒಳ್ಳೆಯ ಕಲ್ಲು ‘ಠಣ್’ ಎನ್ನುತ್ತಿತ್ತು, ಆ ಕೆಂಪು ಕಲ್ಲು ‘ಡಬ್’ ಎಂದು ಅಲ್ಲಿಗೇ ಸಾಯುತ್ತಿತ್ತು. ಬಿರುಕು ಎಲ್ಲಿದೆ ಎಂದು ಹುಡುಕಿದರೆ ನಮ್ಮ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ರೆಸಿನ್ ಅಥವಾ ರಬ್ಬರ್ ಅಂಟಿನ ಕಲ್ಲುಗಳು ಮಾತ್ರ ಇಷ್ಟು ಸ್ಪಷ್ಟವಾಗಿ ಮಿಡಿಯುವುದಿಲ್ಲ. ಅವುಗಳ ವಿಷಯದಲ್ಲಿ ಬರೀ ಕಿವಿಯನ್ನು ನಂಬಬಾರದು.

ಇಲ್ಲಿಂದ ಮುಂದಿನದು ಅವರ ಪಾಠದ ಜೀವಾಳ. ಹದಿನೇಳು ಹದಿನೆಂಟರ ಹುಡುಗರಾದ ನಮ್ಮೆಲ್ಲರಿಗೂ ಕಲ್ಲು ಕಳಚಬಾರದೆಂದರೆ ನಟ್ಟನ್ನು ಶಕ್ತಿ ಮೀರಿ ಬಿಗಿಯಬೇಕು ಎಂಬ ನಂಬಿಕೆಯಿತ್ತು. ಅವರು ಅದನ್ನು ಬೇರುಸಹಿತ ಕಿತ್ತರು. ಸಾಣೆಕಲ್ಲು ಒತ್ತಡವನ್ನು ತಡೆಯಬಲ್ಲದು, ಆದರೆ ಬಾಗಿಸುವ ಬಲವನ್ನೂ ಎಳೆತವನ್ನೂ ತಡೆಯಲಾರದು. ಆದ್ದರಿಂದ ಅದನ್ನು ಹಿಡಿದಿರುವುದು ಬಲವಾಗಿರುವುದಕ್ಕಿಂತ ಮೊದಲು ಎರಡೂ ಕಡೆಯಿಂದ ಸಮನಾಗಿರಬೇಕು. ಕಲ್ಲನ್ನು ಇಕ್ಕೆಲಗಳಿಂದ ಒತ್ತಿ ಹಿಡಿಯುವ ಲೋಹದ ತಟ್ಟೆಗಳಾದ ಫ್ಲೇಂಜ್‌ಗಳು ಒಂದೇ ವ್ಯಾಸದವಾಗಿರಬೇಕು, ಆ ವ್ಯಾಸ ಕಲ್ಲಿನ ವ್ಯಾಸದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿರಬಾರದು. 200 ಮಿಲಿಮೀಟರ್ ಕಲ್ಲಿಗೆ ಸುಮಾರು 67 ಮಿಲಿಮೀಟರ್. ಫ್ಲೇಂಜಿನ ಒಳಮೈ ನಡುವೆ ತಗ್ಗಾಗಿದ್ದು, ಹೊರ ಅಂಚಿನ ಬಳೆಯಷ್ಟು ಭಾಗ ಮಾತ್ರ ಕಲ್ಲನ್ನು ಮುಟ್ಟಬೇಕು. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು ಹಾಕಿದರೆ ಒಂದು ಮೈಯನ್ನು ಹೊರಗಿನಿಂದ, ಇನ್ನೊಂದು ಮೈಯನ್ನು ಒಳಗಿನಿಂದ ಒತ್ತಿ, ನಟ್ ಬಿಗಿದಷ್ಟೂ ಕಲ್ಲು ಬಾಗಲು ನೋಡುತ್ತದೆ, ಬಾಗಲಾರದೆ ಒಡೆಯುತ್ತದೆ.

ಫ್ಲೇಂಜಿಗೂ ಕಲ್ಲಿಗೂ ನಡುವೆ ಬ್ಲಾಟರ್ ಎನ್ನುವ ಕಾಗದದ ಬಿಲ್ಲೆ ಇರಲೇಬೇಕು. ಕಲ್ಲಿನ ಮೈ ಕಣಕಣವಾಗಿ ಉಬ್ಬುತಗ್ಗು, ಫ್ಲೇಂಜಿನ ಮೈ ಲೋಹ. ಇವೆರಡು ನೇರ ತಾಗಿದರೆ ಒತ್ತಡವೆಲ್ಲ ನಾಲ್ಕಾರು ಉಬ್ಬುಗಳ ಮೇಲೇ ಬೀಳುತ್ತದೆ. ಮೆತ್ತನೆಯ ಕಾಗದ ಅದನ್ನು ಹರಡುತ್ತದೆ, ಕಲ್ಲು ಜಾರದಂತೆ ಹಿಡಿತವನ್ನೂ ಕೊಡುತ್ತದೆ. ಬಿಲ್ಲೆ ಹರಿದಿದ್ದರೆ, “ಕಾಗದ ಎಲ್ಲಪ್ಪಾ?” ಎಂದು ಕೇಳಿ, ಹೊಸ ಬಿಲ್ಲೆ ಬರುವ ತನಕ ಕೆಲಸ ನಿಲ್ಲಿಸುತ್ತಿದ್ದರು. ಹಳೆಯ ಕಲ್ಲನ್ನು ಬಿಚ್ಚಿದಾಗ ಅದರ ಬಿಲ್ಲೆಯನ್ನು ಎಸೆಯಲು ಬಿಡುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಫ್ಲೇಂಜ್ ಒತ್ತಿದ ಗುರುತನ್ನು ನಮಗೆ ತೋರಿಸುತ್ತಿದ್ದರು. ಗುರುತು ಸುತ್ತಲೂ ಒಂದೇ ಅಗಲದ ಬಳೆಯಾಗಿದ್ದರೆ ಕಲ್ಲು ಸರಿಯಾಗಿ ಕುಳಿತಿತ್ತು. ಒಮ್ಮೆ ಬಂದ ಬಿಲ್ಲೆಯಲ್ಲಿ ಬಳೆ ಒಂದು ಕಡೆ ಆಳವಾಗಿ, ಎದುರು ಕಡೆ ಅಳಿಸಿಹೋದಂತಿತ್ತು. ಅವರು ಒಳಫ್ಲೇಂಜಿನ ಮೇಲೆ ಉಗುರು ಆಡಿಸಿ ಒಂದು ಕಡೆ ನಿಲ್ಲಿಸಿದರು. ನಾವೂ ಒಬ್ಬೊಬ್ಬರಾಗಿ ಉಗುರು ಆಡಿಸಿದೆವು. ಅಂಚಿನಲ್ಲಿ ಅಕ್ಕಿಯ ನುಚ್ಚಿನಷ್ಟು ಸಣ್ಣ ಬರ್, ಅಂದರೆ ಲೋಹದ ಮುಳ್ಳು, ಎದ್ದಿತ್ತು. ನಯದ ಅರದಿಂದ ಅದನ್ನು ತೆಗೆದು, ಬಟ್ಟೆಯಿಂದ ಒರೆಸಿ, ಹೊಸ ಬಿಲ್ಲೆಯಿಟ್ಟು ಕೂರಿಸಿದಾಗ, ಅಲ್ಲಿಯವರೆಗೂ ನಡುಗುತ್ತಿದ್ದ ಯಂತ್ರದ ನಡುಕ ನಿಂತಿತು.

ಕಲ್ಲಿನ ರಂಧ್ರ, ಅದನ್ನು ತಿರುಗಿಸುವ ಸ್ಪಿಂಡಲ್ ಎಂಬ ದಂಡದ ಮೇಲೆ ಕೈಯಿಂದ ತಳ್ಳಿದರೆ ಸಲೀಸಾಗಿ ಜಾರಬೇಕು. ಬಿಗಿಯೆಂದು ಸುತ್ತಿಗೆಯಲ್ಲಿ ಕುಟ್ಟುವುದಾಗಲಿ ರಂಧ್ರವನ್ನು ಕೊರೆದು ಹಿಗ್ಗಿಸುವುದಾಗಲಿ ಸಲ್ಲದು. ಸಡಿಲವಾದರೆ ಅಳತೆಗೆ ತಕ್ಕ ಬುಷ್ ಎಂಬ ಒಳಬಳೆ ಹಾಕಬೇಕು. ನಟ್ಟಿಗೆ ಸರಿಯಾದ ಸ್ಪ್ಯಾನರ್ ಹಿಡಿದು, ಕಲ್ಲು ಜಾರದಷ್ಟು ಮಾತ್ರ ಬಿಗಿಯಬೇಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯಲು ಹೊರಟ ನನ್ನ ಗೆಳೆಯನೊಬ್ಬನಿಗೆ, “ಅಷ್ಟ್ಯಾಕೋ ಎಳೀತೀಯ? ಅದು ತಾನೇ ಬಿಗಿಯಾಗ್ತದೆ, ಬಿಡು” ಎಂದಿದ್ದರು. ಅದರ ಹಿಂದಿನ ಏರ್ಪಾಡನ್ನು ಆಗಲೇ ತೋರಿಸಿದರು: ನಮ್ಮ ಎದುರಿಗೆ ಬಲತುದಿಯಲ್ಲಿ ಮಾಮೂಲಿ ಬಲ ಮರೆ (ತಿರುಪಿನ ಸುತ್ತು), ಎಡತುದಿಯಲ್ಲಿ ಎಡ ಮರೆ, ಮೋಟಾರ್ ತಿರುಗಲು ಶುರುವಾದಾಗ ಎರಡೂ ನಟ್ಟುಗಳು ಬಿಗಿಯುವ ದಿಕ್ಕಿಗೇ ಹೋಗುವಂತೆ ಅದನ್ನು ಮಾಡಿರುತ್ತಾರೆ. ಎಡಗಡೆಯ ನಟ್ ಬಿಚ್ಚಲು ಹೋಗಿ ಇನ್ನಷ್ಟು ಬಿಗಿಯುವವರನ್ನು ಇಂದಿಗೂ ಕಾಣುತ್ತೇನೆ.

ಕಲ್ಲನ್ನು ಮುಚ್ಚುವ ಗಾರ್ಡನ್ನು ಮತ್ತೆ ಹಾಕದೆ ಸ್ವಿಚ್ಚಿಗೆ ಕೈ ಹಾಕುವಂತಿರಲಿಲ್ಲ. ಮಸೆಯುವ ವಸ್ತುವನ್ನು ಊರಿ ಹಿಡಿಯುವ ಟೂಲ್ ರೆಸ್ಟಿಗೂ ಕಲ್ಲಿಗೂ ನಡುವಿನ ಸಂದು 3 ಮಿಲಿಮೀಟರಿಗಿಂತ ಹೆಚ್ಚಿರಬಾರದು, ಗಾರ್ಡಿನ ಮೇಲುಗಡೆಯ ನಾಲಗೆಯಂತಹ ಪಟ್ಟಿಗೂ ಕಲ್ಲಿಗೂ 6 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಕಲ್ಲು ಸವೆದಂತೆ ಇವು ದೊಡ್ಡವಾಗುತ್ತವೆಯಾದ್ದರಿಂದ ಯಂತ್ರ ನಿಲ್ಲಿಸಿ ಆಗಾಗ ಸರಿಪಡಿಸಬೇಕು. ಸಂದು ಹೆಚ್ಚಾದರೆ ಜಾಬ್, ಅಂದರೆ ಮಸೆಯುತ್ತಿರುವ ವಸ್ತು, ಒಳಗೆ ಸಿಕ್ಕಿ, ಅದರ ಹಿಂದೆ ಬೆರಳೂ ಹೋಗುತ್ತದೆ. ಕಲ್ಲನ್ನು ಮೊದಲು ಕೈಯಿಂದ ತಿರುಗಿಸಿ ಎಲ್ಲೂ ತಾಗುತ್ತಿಲ್ಲವೆಂದು ನೋಡಿ, ಸ್ವಿಚ್ ಹಾಕಿದೊಡನೆ ಕಲ್ಲಿನ ನೇರದಿಂದ ಪಕ್ಕಕ್ಕೆ ಸರಿದು, ಕನಿಷ್ಠ ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು.

ಆ ಒಂದು ನಿಮಿಷ ಯಾಕೆಂಬುದನ್ನು ಅವರು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದ್ದರು. 200 ಮಿಲಿಮೀಟರ್ ಕಲ್ಲು ನಿಮಿಷಕ್ಕೆ 2880 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 30 ಮೀಟರ್, ಅಂದರೆ ಗಂಟೆಗೆ 108 ಕಿಲೋಮೀಟರ್. ಚೂರು ಸಿಡಿದರೆ ಆ ವೇಗದಲ್ಲೇ ಹೊರಡುತ್ತದೆ. ಅದೇ ಮೋಟಾರಿಗೆ 250 ಮಿಲಿಮೀಟರ್ ಕಲ್ಲು ಹಾಕಿದರೆ ವೇಗ ಸುಮಾರು 38 ಮೀಟರಿಗೆ ಏರುತ್ತದೆ. ಕಲ್ಲನ್ನು ಒಳಗಿನಿಂದ ಸೀಳುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ವೇಗ ಕಾಲು ಭಾಗ ಏರಿದರೆ ಎಳೆತ ಒಂದೂವರೆ ಪಟ್ಟನ್ನು ದಾಟುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯ 30ನೆಯ ಸೆಕ್ಷನ್ ಇದೇ ಕಾರಣಕ್ಕೆ, ಪ್ರತಿ ಗ್ರೈಂಡಿಂಗ್ ಯಂತ್ರದ ಬಳಿ ಕಲ್ಲಿನ ಗರಿಷ್ಠ ಸುರಕ್ಷಿತ ಅಂಚಿನ ವೇಗ, ಸ್ಪಿಂಡಲಿನ ವೇಗ, ಪುಲ್ಲಿಯ ವ್ಯಾಸ ಇವನ್ನು ಬರೆದ ಸೂಚನೆ ಇರಬೇಕೆಂದು ಹೇಳುತ್ತಿತ್ತು. ನಮ್ಮದು ಕಾರ್ಖಾನೆಯಲ್ಲ, ವಿದ್ಯಾಲಯ; ಆದರೂ ಅವರು ಸೀಮೆಸುಣ್ಣದಲ್ಲಿ ಬರೆದ ಹಲಗೆಯೊಂದನ್ನು ಅಲ್ಲಿ ತೂಗುಹಾಕಿದ್ದರು.

ಸಪಾಟು ಮೈ ಮಸೆಯುವ ಸರ್ಫೇಸ್ ಗ್ರೈಂಡರಿನ ದೊಡ್ಡ ಕಲ್ಲಿಗೆ ಇಷ್ಟೇ ಸಾಲದು, ತೂಕದ ಸಮತೋಲವೂ ಬೇಕು. ಕಲ್ಲನ್ನು ಫ್ಲೇಂಜಿನೊಂದಿಗೆ ಆರ್ಬರ್ ಎಂಬ ದಂಡಕ್ಕೆ ಹಾಕಿ, ಮಟ್ಟ ಹಿಡಿದ ಎರಡು ಸಮಾಂತರ ಹಳಿಗಳ ಮೇಲಿಟ್ಟರೆ ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಫ್ಲೇಂಜಿನ ತೋಡಿನಲ್ಲಿರುವ ತೂಕಗಳನ್ನು ಸರಿಸುತ್ತಾ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತನಕ ಹೊಂದಿಸಬೇಕು. ಆಯುಧಪೂಜೆಯ ದಿನ ಗಂಧ ಕುಂಕುಮವನ್ನು ಗಾರ್ಡಿಗೆ ಹಚ್ಚಿಸುತ್ತಿದ್ದರೇ ಹೊರತು ಕಲ್ಲಿಗೆ ಒಂದು ಹನಿ ನೀರನ್ನೂ ತಾಗಿಸಲು ಬಿಡುತ್ತಿರಲಿಲ್ಲ. ಕಲ್ಲು ನೀರು ಕುಡಿಯುತ್ತದೆ, ಕುಡಿದ ಕಡೆ ಭಾರವಾಗುತ್ತದೆ. ಕೂಲೆಂಟ್ (ತಂಪು ಮಾಡುವ ದ್ರವ) ಬಳಸುವ ಯಂತ್ರದಲ್ಲಿ ಮೊದಲು ಕೂಲೆಂಟ್ ನಿಲ್ಲಿಸಿ, ಕಲ್ಲು ತಿರುಗಿ ನೀರನ್ನೆಲ್ಲ ಚಿಮ್ಮಿದ ಮೇಲೆ ಮೋಟಾರ್ ನಿಲ್ಲಿಸಬೇಕೆಂಬ ನಿಯಮವೂ ಇದರಿಂದಲೇ ಬಂದದ್ದು.

ಓದು ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಹೊರಗಡೆಯ ಫ್ಲೇಂಜ್ ಕಳೆದುಹೋಗಿದ್ದರಿಂದ ಯಾರೋ ಅದರ ಜಾಗದಲ್ಲಿ ಒಂದು ದೊಡ್ಡ ವಾಷರ್ ಹಾಕಿ ಬಿಗಿದಿದ್ದರು. ಬೆಳಗಿನ ಪಾಳಿಯಲ್ಲಿ ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಕಲ್ಲು ಮೂರು ಹೋಳಾಗಿ ಒಡೆಯಿತು. ಗಾರ್ಡ್ ಇದ್ದುದರಿಂದ ಎರಡು ಹೋಳು ಅದರೊಳಗೇ ಉಳಿದವು, ಮೂರನೆಯದು ಎದುರು ಗೋಡೆಯ ಗಾರೆಯನ್ನು ಕಿತ್ತಿತು. ಆಪರೇಟರ್ ಜಾಬ್ ತರಲು ಆಚೆ ಹೋಗಿದ್ದ. ಎಲ್ಲರೂ ಕಲ್ಲು ತಯಾರಿಸಿದವರನ್ನು ಬೈಯುತ್ತಿದ್ದರು. ನಾನು ನೆಲದ ಮೇಲಿದ್ದ ಬಿಲ್ಲೆಗಳನ್ನು ಎತ್ತಿ ನೋಡಿದೆ: ಒಳಗಡೆಯ ಬಿಲ್ಲೆಯಲ್ಲಿ ಅಗಲವಾದ ಬಳೆ, ಹೊರಗಡೆಯದರಲ್ಲಿ ರಂಧ್ರದ ಸುತ್ತ ಮಾತ್ರ ಆಳವಾದ ಗಾಯ. ಮೇಷ್ಟ್ರು ಹಲಗೆಯ ಮೇಲೆ ಬರೆದ ಚಿತ್ರವೇ ಅದು.

ಇಂದು ವಸಂತನರಸಾಪುರದಂತಹ ದೊಡ್ಡ ಕೈಗಾರಿಕಾ ಪ್ರದೇಶ ನಮ್ಮ ಜಿಲ್ಲೆಯಲ್ಲಿದೆ. ನಮ್ಮ ವಿದ್ಯಾರ್ಥಿಗಳು ಹೋಗುವ ಅನೇಕ ಕಡೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳೇ ಇವೆ. ಆದರೂ ಗ್ರೈಂಡಿಂಗ್ ಕಲ್ಲು ಎಲ್ಲಿಯೂ ಹೋಗಿಲ್ಲ. ವೆಲ್ಡಿಂಗ್ ಅಂಗಡಿಗಳಲ್ಲಿ ನಾಲ್ಕಿಂಚಿನ ಆಂಗಲ್ ಗ್ರೈಂಡರಿನ ಗಾರ್ಡ್ ಕಿತ್ತುಹಾಕಿ, ದೊಡ್ಡ ಯಂತ್ರದಲ್ಲಿ ಸವೆದ ಏಳಿಂಚಿನ ಡಿಸ್ಕನ್ನು ಹಾಕುವುದನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ಏಳಿಂಚಿನ ಡಿಸ್ಕಿನ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವ ಮಿತಿ ನಿಮಿಷಕ್ಕೆ ಸುಮಾರು 8500 ಸುತ್ತು. ಆ ಚಿಕ್ಕ ಯಂತ್ರ ತಿರುಗುವುದು ಹನ್ನೊಂದು ಸಾವಿರದ ಆಸುಪಾಸು. ರೆಸಿನ್ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷವನ್ನೂ ಅಚ್ಚು ಹಾಕಿರುತ್ತಾರೆ; ಅದನ್ನು ಓದುವವರನ್ನು ನಾನು ಕಂಡದ್ದು ಬಹಳ ಕಡಿಮೆ.

ಮೇಷ್ಟ್ರು ಈಗ ಇಲ್ಲ. ತುಮಕೂರಿನಲ್ಲೇ ಇರುವ ನಮ್ಮ ಬ್ಯಾಚಿನ ಕೆಲವರು ಸೇರಿ, ವರ್ಕ್‌ಶಾಪಿಗೆ ಒಂದು ಜೊತೆ ಹೊಸ ಫ್ಲೇಂಜ್, ಬೇಕಾದಷ್ಟು ಬ್ಲಾಟರ್ ಬಿಲ್ಲೆಗಳು, ಕಲ್ಲಿನ ಮೈ ಸರಿಪಡಿಸುವ ಒಂದು ಸ್ಟಾರ್ ಡ್ರೆಸರ್ ಮತ್ತು ವೇಗದ ವಿವರ ಬರೆದ ಲೋಹದ ಫಲಕ ಮಾಡಿಸಿಕೊಡಲು ನಿಶ್ಚಯಿಸಿದ್ದೇವೆ. ಪ್ರಾಂಶುಪಾಲರು ಒಪ್ಪಿದರೆ ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಒಂದು ಶನಿವಾರ ನಾವೇ ಬಂದು, ಸದ್ದಿನ ಪರೀಕ್ಷೆಯಿಂದ ಹಿಡಿದು ಮೊದಲ ಒಂದು ನಿಮಿಷದ ಓಟದವರೆಗೆ, ಪ್ರತಿ ವಿದ್ಯಾರ್ಥಿಯ ಕೈಯಿಂದಲೂ ಒಂದೊಂದು ಸಲ ಕಲ್ಲು ಕೂರಿಸುತ್ತೇವೆ.