ರಕ್ತಪೂರಣ ಸಂಶೋಧನೆಯ ಜಾಲ: ಕೆಲಸವೆಲ್ಲ ಬ್ಲಡ್ ಬ್ಯಾಂಕಿನ ಕಿಟಕಿಯಲ್ಲೇ

ಯಾವ ರೋಗಿಗೆ, ಹಿಮೋಗ್ಲೋಬಿನ್ ಎಷ್ಟಕ್ಕಿಳಿದಾಗ ರಕ್ತ ಕೊಡಬೇಕು? ಈ ಪ್ರಶ್ನೆಗೆ ಒಂದೇ ಆಸ್ಪತ್ರೆ ಉತ್ತರ ಹುಡುಕಿಕೊಳ್ಳಲಾರದು. ಲೆಕ್ಕ ಹಾಕಿ ನೋಡಿ. ಮರಣ ಪ್ರಮಾಣ ಶೇ. 15ರಿಂದ 12ಕ್ಕೆ ಇಳಿಯುತ್ತದೆಯೇ ಎಂದು ತಿಳಿಯಲು, ಬೇಗ ರಕ್ತ ಕೊಡುವ ಗುಂಪನ್ನೂ ಕಾದು ಕೊಡುವ ಗುಂಪನ್ನೂ ಹೋಲಿಸುವ, ಶೇ. 80ರ ಸಾಮರ್ಥ್ಯದ (ನಿಜವಾದ ವ್ಯತ್ಯಾಸವಿದ್ದರೆ ಅದನ್ನು ಹಿಡಿಯುವ ಸಾಧ್ಯತೆ ಶೇ. 80) ಟ್ರಯಲ್‌ಗೆ ಎರಡೂ ಗುಂಪು ಸೇರಿ ಸುಮಾರು 4,060 ರೋಗಿಗಳು ಬೇಕು. ತಿಂಗಳಿಗೆ ಮೂವರನ್ನು ಸೇರಿಸಿಕೊಳ್ಳುವ ಒಂದು ಆಸ್ಪತ್ರೆಗೆ ಇದು ನೂರು ವರ್ಷ ಮೀರುವ ಕೆಲಸ. ಅಂಥ 40 ಆಸ್ಪತ್ರೆಗಳು ಕೈಜೋಡಿಸಿದರೆ ಮೂರು ವರ್ಷದೊಳಗೆ ಮುಗಿಯುತ್ತದೆ.

ಹಾಗೆಂದು ಆಸ್ಪತ್ರೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಜಾಲ ಗಟ್ಟಿಯಾಗುವುದಿಲ್ಲ. ಎರಡು ಗುಂಪುಗಳ ನಡುವಿನ ಅಂತರ ಉಳಿಯಬೇಕು. 1999ರ ಕೆನಡಾದ ಟ್ರಿಕ್ ಟ್ರಯಲ್‌ನಲ್ಲಿ ತೀವ್ರ ನಿಗಾ ಘಟಕದ 838 ರೋಗಿಗಳಿದ್ದರು. ಒಂದು ಗುಂಪಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 7 ಗ್ರಾಂಗಿಂತ ಕೆಳಗಿಳಿದಾಗ, ಇನ್ನೊಂದಕ್ಕೆ 10ಕ್ಕಿಂತ ಕೆಳಗಿಳಿದಾಗ ರಕ್ತ. ಸರಾಸರಿ ಹಿಮೋಗ್ಲೋಬಿನ್ 8.5 ಮತ್ತು 10.7ರಲ್ಲಿ ನಿಂತಿದ್ದರಿಂದಲೇ ಅದರ ಫಲಿತಾಂಶಕ್ಕೆ ತೂಕ ಬಂತು. ಅಷ್ಟಾದರೂ ಸೇರ್ಪಡೆ ನಿಧಾನವಾಗಿ, ಅದನ್ನು ನಿಗದಿಗಿಂತ ಮೊದಲೇ ನಿಲ್ಲಿಸಬೇಕಾಯಿತು. ಮೊದಲು ಹಾಕಿದ ಲೆಕ್ಕಕ್ಕೇ ಬಂದರೆ, ಕಾದು ರಕ್ತ ಕೊಡುವ ಗುಂಪಿನಲ್ಲಿ ಐವರಲ್ಲಿ ಒಬ್ಬರಿಗೆ ವೈದ್ಯರು ರೂಢಿಯಂತೆ ಬೇಗನೆ ರಕ್ತ ಏರಿಸಿದರೆ, 15 ಮತ್ತು 12ರ ನಡುವಿನ ಮೂರು ಶೇಕಡಾ ಅಂಶದ ವ್ಯತ್ಯಾಸ 2.4ಕ್ಕೆ ಕುಗ್ಗುತ್ತದೆ. ಬೇಕಾಗುವ ರೋಗಿಗಳ ಸಂಖ್ಯೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

ಇದನ್ನು ತಡೆಯುವ ಜಾಗ ವಾರ್ಡ್ ಅಲ್ಲ, ಬ್ಲಡ್ ಬ್ಯಾಂಕ್. ರೋಗಿ ಯಾವ ಗುಂಪಿನವರು ಎಂಬುದು ರ‍್ಯಾಂಡಮೈಸೇಶನ್ (ಚೀಟಿ ಎತ್ತಿದಂತೆ ಗುಂಪಿಗೆ ಹಂಚುವುದು) ಆದ ಕೂಡಲೇ ಬ್ಲಡ್ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಕಾಣಬೇಕು. ಕೋರಿಕೆ ಬಂದಾಗ ತಂತ್ರಜ್ಞರು ಕಡೆಯ ಹಿಮೋಗ್ಲೋಬಿನ್ ನೋಡಿ, ಮಿತಿಗಿಂತ ಮೇಲಿದ್ದರೆ ವಾರ್ಡಿಗೆ ಒಂದು ಫೋನ್ ಮಾಡಬೇಕು. ರಕ್ತ ತಡೆಹಿಡಿಯುವುದಕ್ಕಲ್ಲ, ಕಾರಣ ಕೇಳಿ ಬರೆದುಕೊಳ್ಳುವುದಕ್ಕೆ. ರೂಢಿಯ ಮೇಲೆ ಬಂದ ಕೋರಿಕೆ ಎಷ್ಟೋ ಸಲ ಆ ಫೋನಿಗೇ ಹಿಂದೆ ಸರಿಯುತ್ತದೆ. ರಾತ್ರಿ ಪಾಳಿಯವರಿಗೂ ಇದೇ ತರಬೇತಿ ಸಿಗಬೇಕು. ರೋಗಿಗೆ ವಿಪರೀತ ರಕ್ತಸ್ರಾವವಾಗುತ್ತಿದ್ದರೆ ಮಿತಿಯ ಮಾತೇ ಬೇಡ. ನಿಯಮ ಬಿಟ್ಟ ಸಮಯ, ಮತ್ತೆ ಹಿಡಿದ ಸಮಯ ಎರಡನ್ನೂ ದಾಖಲಿಸಿ. ಉಳಿದೆಲ್ಲ ಸಂದರ್ಭದಲ್ಲಿ ಒಂದು ಸಲಕ್ಕೆ ಒಂದೇ ಯೂನಿಟ್, ಆಮೇಲೆ ಮರುಪರೀಕ್ಷೆ.

ಯಾವ ಯಂತ್ರದ ಹಿಮೋಗ್ಲೋಬಿನ್ ಲೆಕ್ಕಕ್ಕೆ ಎಂಬುದನ್ನೂ ಟ್ರಯಲ್‌ನ ನಿಯಮಾವಳಿಯಾದ ಪ್ರೋಟೋಕಾಲ್‌ನಲ್ಲೇ ಬರೆದಿಡಿ. ಹಾಸಿಗೆ ಪಕ್ಕದ ಸಣ್ಣ ಯಂತ್ರಕ್ಕೂ ಪ್ರಯೋಗಾಲಯದ ಯಂತ್ರಕ್ಕೂ ಅರ್ಧ ಗ್ರಾಂ ವ್ಯತ್ಯಾಸ ಬಂದರೆ ಸಾಕು, ರೋಗಿ ಮಿತಿಯ ಆಚೆಗೋ ಈಚೆಗೋ ಜಾರುತ್ತಾರೆ.

ಚೀಲದ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ವಿತರಣಾ ರಿಜಿಸ್ಟರ್ ನೋಡಿ 'ರಕ್ತ ಏರಿಸಲಾಗಿದೆ' ಎಂದು ತುಂಬುವಲ್ಲಿ. ಕೊಟ್ಟದ್ದೆಲ್ಲ ಏರಿಸಿದ್ದಲ್ಲ. ಚೀಲ ವಾಪಸ್ ಬಂದಿರುತ್ತದೆ, ಇಲ್ಲವೇ ಅರ್ಧಕ್ಕೆ ನಿಂತಿರುತ್ತದೆ. ಆದ್ದರಿಂದ ಪ್ರತಿ ಚೀಲಕ್ಕೂ ವಿತರಣೆ, ಆರಂಭ, ಮುಕ್ತಾಯ, ವಾಪಸ್ ಅಥವಾ ವಿಲೇವಾರಿ ಎಂಬ ಬೇರೆ ಬೇರೆ ಸಮಯಗಳು ಬೇಕು. ರಕ್ತದ ಚೀಲಗಳಿಗೆ ಗುರುತು ಹಾಕುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಬಿಟಿ 128ರ ದಾನ ಸಂಖ್ಯೆ 13 ಅಕ್ಷರದ್ದು. ಅದನ್ನು ಸ್ಕ್ಯಾನ್ ಮಾಡುವುದೇ ಸರಿ. ಕೈಯಲ್ಲಿ ಟೈಪಿಸಲೇಬೇಕಾದರೆ ಜೊತೆಗಿರುವ, ಸಂಖ್ಯೆ ಸರಿಯೇ ಎಂದು ತಾಳೆ ನೋಡುವ ಪರೀಕ್ಷಾಕ್ಷರವನ್ನೂ ಕೇಳುವಂತೆ ಫಾರಂ ಮಾಡಿ. ಅಂಕಿ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಚೀಲದೊಳಗಿನದೂ ಎಲ್ಲ ಕಡೆ ಒಂದೇ ಅಲ್ಲ. ರಕ್ತ ಕೆಡದಂತೆ ಇಡುವ ದ್ರಾವಣಗಳಲ್ಲಿ ಸಿಪಿಡಿಎ-1ರಲ್ಲಿ ಕೆಂಪು ಕಣಗಳನ್ನು 35 ದಿನ ಇಡಬಹುದು, ಸ್ಯಾಗ್‌ಎಂನಲ್ಲಿ 42 ದಿನ. ಬಿಳಿ ಕಣ ಸೋಸಿದ್ದಾರೋ ಇಲ್ಲವೋ, 350 ಮಿ.ಲೀ. ಸಂಗ್ರಹವೋ 450ರದ್ದೋ ಎಂಬುದೂ ಪ್ರತಿ ಕೇಂದ್ರದಿಂದ ದಾಖಲಾಗಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಾದರೆ ಚೀಲದೊಳಗೆ ಎಷ್ಟು ಕಣಗಳಿವೆ ಎಂಬುದನ್ನೇ ಅಳೆಯಬೇಕು. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ಲಾಡೊ ಟ್ರಯಲ್ ಪ್ಲೇಟ್‌ಲೆಟ್‌ನ ಮೂರು ಪ್ರಮಾಣಗಳನ್ನು ಹೋಲಿಸಿತು. ಕಡಿಮೆ ಪ್ರಮಾಣದಲ್ಲಿ ರಕ್ತಸ್ರಾವ ಹೆಚ್ಚಲಿಲ್ಲ, ಏರಿಸುವ ಸಲಗಳು ಮಾತ್ರ ಹೆಚ್ಚಿದವು. 'ಒಂದು ಚೀಲ' ಎಂದಷ್ಟೇ ಬರೆದುಕೊಂಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ರಕ್ತ ದಾಸ್ತಾನಿಲ್ಲದೆ ಕೊಡಲಾಗದೆ ಹೋದದ್ದನ್ನು ವೈದ್ಯರ ನಿರ್ಧಾರದ ಜೊತೆ ಬೆರೆಸಬೇಡಿ. ಅದಕ್ಕೆ ಬೇರೆಯೇ ಕೋಡ್ ಇರಲಿ. ಇಲ್ಲವಾದರೆ ಕೊರತೆಯ ಊರಿನ ಆಸ್ಪತ್ರೆ ಸುಮ್ಮನೆ ಕೆಟ್ಟ ಕೇಂದ್ರ ಎನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಶ್ರಮ ಯಾಕೆಂದರೆ, ರಕ್ತ ಕೊಟ್ಟರೆ ಒಳ್ಳೆಯದೇ ಎಂಬ ನಂಬಿಕೆ ಎಲ್ಲ ಕಡೆ ನಿಲ್ಲುವುದಿಲ್ಲ. 2019ರ ಪ್ಲಾನೆಟ್-2 ಟ್ರಯಲ್‌ನಲ್ಲಿ ಅವಧಿಗೆ ಮುನ್ನ ಹುಟ್ಟಿದ 660 ಶಿಶುಗಳಿದ್ದರು. ಪ್ಲೇಟ್‌ಲೆಟ್ ಪ್ರತಿ ಮೈಕ್ರೋಲೀಟರಿಗೆ 50 ಸಾವಿರಕ್ಕಿಂತ ಕಡಿಮೆಯಾದಾಗಲೇ ಏರಿಸಿದ ಗುಂಪಿನಲ್ಲಿ ಶೇ. 26ರಷ್ಟು ಮಕ್ಕಳು ಸಾವು ಅಥವಾ ತೀವ್ರ ರಕ್ತಸ್ರಾವಕ್ಕೆ ಒಳಗಾದರು. 25 ಸಾವಿರದ ತನಕ ಕಾದ ಗುಂಪಿನಲ್ಲಿ ಅದು ಶೇ. 19. ಹಲವು ಘಟಕಗಳು ಒಂದೇ ನಿಯಮಕ್ಕೆ ಬದ್ಧವಾಗದಿದ್ದರೆ ಆ ಅಪಾಯ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹೊಸದಾಗಿ ಜಾಲ ಕಟ್ಟುವವರು ನೇರವಾಗಿ ಟ್ರಯಲ್‌ಗೆ ಇಳಿಯಬೇಡಿ. ಮೊದಲ ಎರಡು ತಿಂಗಳು ಪ್ರತಿ ಕೇಂದ್ರವೂ ರಕ್ತ ಏರಿಸುವ ಮುಂಚಿನ ಹಿಮೋಗ್ಲೋಬಿನ್, ಏರಿಸಿದ ಯೂನಿಟ್‌ಗಳು ಮತ್ತು ಕಾರಣ ಈ ಮೂರನ್ನಷ್ಟೇ ದಾಖಲಿಸಲಿ. ಯಾರು ಈಗಾಗಲೇ ಹಿಮೋಗ್ಲೋಬಿನ್ 7ಕ್ಕೆ ರಕ್ತ ಕೊಡುತ್ತಿದ್ದಾರೆ, ಯಾರು 9ಕ್ಕೇ ಕೊಡುತ್ತಿದ್ದಾರೆ, ಯಾವ ಕೇಂದ್ರದ ಫಾರಂ ಖಾಲಿ ಬರುತ್ತದೆ ಎಂಬುದು ಆಗಲೇ ಕಾಣುತ್ತದೆ. ಖಾಲಿ ಫಾರಂ ಕಳಿಸುವ ಕೇಂದ್ರಕ್ಕೆ ಮೊದಲು ಒಬ್ಬ ಸಂಯೋಜಕರನ್ನು ಕೊಡಿ, ಆಮೇಲೆ ರೋಗಿಗಳನ್ನು ಕೇಳಿ. ಅವರ ಸಂಬಳ ಟ್ರಯಲ್ ಮುಗಿದ ದಿನ ನಿಲ್ಲದಂತೆ ಜಾಲದ ಖಾತೆಯಿಂದಲೇ ಬರಲಿ. ಇಲ್ಲದಿದ್ದರೆ ಮುಂದಿನ ಟ್ರಯಲ್‌ಗೆ ಮತ್ತೆ ಮೊದಲಿನಿಂದ ತರಬೇತಿ ಕೊಡಬೇಕಾಗುತ್ತದೆ.