ಮೈನಸ್ 40 ಡಿಗ್ರಿ ತೋರಿಸಿದ ಕಾರು: ವೈರಿಂಗ್ ರಿಪೇರಿ ಎಲ್ಲಿಗೆ ಬಂತು

ಮಡಿಕೇರಿಯಲ್ಲಿ ಚಳಿ ಇದೆ, ಒಪ್ಪಿದೆ. ಆದರೆ ಮೈನಸ್ 40 ಡಿಗ್ರಿ? ಜುಲೈ ಕೊನೆಯಲ್ಲಿ ಕಾರಿನ ಸೆನ್ಸರ್ ಲೆಕ್ಕಗಳನ್ನು ಮೊಬೈಲಿಗೆ ಕಳಿಸುವ ಸ್ಕ್ಯಾನರ್ ಹಾಕಿ ನೋಡಿದರೆ ನಮ್ಮ ಕಾರಿನ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಅಷ್ಟು ತಣ್ಣಗಿದೆ ಅಂತ ಮೊಬೈಲ್ ಹೇಳುತ್ತಿತ್ತು. ಆಗ ತಾನೇ ಸುಂಟಿಕೊಪ್ಪಕ್ಕೆ ಹೋಗಿ ಬಂದು ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಬಾನೆಟ್ ಮೇಲೆ ಕೈ ಇಡಲಿಕ್ಕೆ ಆಗುತ್ತಿರಲಿಲ್ಲ.

ಕಾರು 2011ರದ್ದು. ಪೆಟ್ರೋಲ್. 1.48 ಲಕ್ಷ ಕಿಲೋಮೀಟರ್ ಓಡಿದೆ. ಅದಕ್ಕೂ ಮುಂಚೆ ಮನೆಯಲ್ಲಿದ್ದದ್ದು ಡೀಸೆಲ್ ಜೀಪು, ಅದರಲ್ಲಿ ಸೆನ್ಸರ್ ಅಂದರೆ ಅಪ್ಪನ ಕಿವಿ ಒಂದೇ. ಈ ಕಾರಿನದು ಎರಡು ತಿಂಗಳಿಂದ ಒಂದೇ ಗೋಳು: ಎಂಜಿನ್ ಬಿಸಿ ಇದ್ದಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಜೋರು ಮಳೆಯಲ್ಲೂ ರೇಡಿಯೇಟರ್ ಫ್ಯಾನ್ ನಿಲ್ಲುವುದಿಲ್ಲ, ಪೆಟ್ರೋಲ್ ಅಂತೂ ನೀರಿನ ಹಾಗೆ ಕುಡಿಯುತ್ತದೆ. ಗ್ಯಾರೇಜಿನಲ್ಲಿ ಟೆಂಪರೇಚರ್ ಸೆನ್ಸರ್ ಬದಲಿಸಿದರು. ಹದಿನೈದು ದಿನ ಸರಿ ಇತ್ತು. ಮತ್ತೆ ಅದೇ ಕಥೆ, ಮತ್ತೊಂದು ಸೆನ್ಸರ್. ವೈರಿನ ಕಡೆ ಎರಡು ಸಲವೂ ಯಾರೂ ಕಣ್ಣು ಹಾಯಿಸಲಿಲ್ಲ. ಹೊಸದು ಕೂರಿಸುವಾಗ ವೈರು ಅಲುಗಾಡಿ ಸ್ವಲ್ಪ ದಿನ ಹಿಡಿದುಕೊಂಡಿತ್ತು, ಅಷ್ಟೇ ನಡೆದದ್ದು. ಇದು ನನಗೆ ಗೊತ್ತಾದದ್ದು ಆಮೇಲೆ.

ಮೈನಸ್ 40ರ ಗುಟ್ಟು ದೊಡ್ಡದೇನಲ್ಲ. ಆ ಸೆನ್ಸರ್ ಒಳಗೆ ಇರುವುದು ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ವೈರು ತುಂಡಾದರೆ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕಾಣುವುದು ಮಿತಿಯೇ ಇಲ್ಲದ ರೆಸಿಸ್ಟೆನ್ಸ್, ಅಂದರೆ ಅದರ ಲೆಕ್ಕದಲ್ಲಿ ಕೊರೆಯುವ ಚಳಿ. ಚಳಿ ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಸೆನ್ಸರ್ ಕೆಟ್ಟಿರಬಹುದು ಅಂತ ಫ್ಯಾನನ್ನೂ ಓಡಿಸುತ್ತಲೇ ಇರುತ್ತದೆ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಕೂಡ ಅದೇ ಬಂದಿತ್ತು, ಪಿ0118. ಕೆಲವು ಕಾರುಗಳು ಇಂಥ ಹೊತ್ತಿನಲ್ಲಿ ಸುಮ್ನೆ 80 ಡಿಗ್ರಿ ಅಂತ ಊಹಿಸಿಕೊಂಡು ಓಡುತ್ತವೆ. ನಮ್ಮದು ಅಷ್ಟು ಜಾಣ ಅಲ್ಲ.

ಮೊದಲ ಭಾನುವಾರ ಬರೀ ಪರೀಕ್ಷೆ. ಬೆಳಿಗ್ಗೆ ತಣ್ಣಗಿರುವಾಗ ಸೆನ್ಸರ್‌ಗೆ ಮಲ್ಟಿಮೀಟರ್ ಹಿಡಿದೆ, 2.5 ಕಿಲೋ ಓಮ್. ಬಿಚ್ಚಿ ಬಿಸಿನೀರಿನ ಲೋಟಕ್ಕೆ ಹಾಕಿದೆ, ಇಳಿದು ಇಳಿದು 300 ಓಮ್ ಹತ್ತಿರ ಬಂತು. ಸೆನ್ಸರ್ ಸರಿಯಾಗಿದೆ. ಆಮೇಲೆ ವೈರನ್ನು ಸೆನ್ಸರಿಗೆ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್‌ನ ಎರಡು ಪಿನ್ನಿಗೂ ಒಂದು ಕಂಬಿ ಸಿಕ್ಕಿಸಿ ಶಾರ್ಟ್ ಮಾಡಿದೆ. ವೈರು ಸರಿ ಇದ್ದಿದ್ದರೆ ಸ್ಕ್ಯಾನರ್‌ನಲ್ಲಿ ಉಷ್ಣಾಂಶ ಒಂದೇ ಸಲ ಮೇಲೆ ಹಾರಬೇಕಿತ್ತು. ಹಾರಲಿಲ್ಲ. ಮೈನಸ್ 40 ಕದಲಲೇ ಇಲ್ಲ. ಎರಡು ಸೆನ್ಸರ್ ದುಡ್ಡು ದಂಡ ಅಂತ ಆಗ ಖಾತ್ರಿಯಾಯಿತು.

ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3. ಮದ್ದು ಸೊಪ್ಪಿನ ಪಾಯಸ ತಿಂದು, ಆ ಸೊಪ್ಪಿನ ಬಣ್ಣ ಹತ್ತಿದ ನೇರಳೆ ಬೆರಳಲ್ಲೇ ಬ್ಯಾಟರಿಯ ನೆಗೆಟಿವ್ ಬಿಚ್ಚಿ ವೈರಿಂಗ್ ಮೇಲಿನ ಟೇಪ್ ಸುತ್ತು ಕಳಚಲು ಕೂತೆ. ಸೆನ್ಸರ್‌ನಿಂದ ಒಂದು ಗೇಣು ಹಿಂದೆ ಇಲಿ ಹಲ್ಲಿನ ಗುರುತು ಇತ್ತು. ಮಳೆಗಾಲದಲ್ಲಿ ಅದಕ್ಕೂ ಬಿಸಿ ಎಂಜಿನ್ನಿಗಿಂತ ಒಳ್ಳೆ ಮನೆ ಎಲ್ಲಿ ಸಿಗುತ್ತದೆ ಹೇಳಿ. ಆದರೆ ಪೂರಾ ತಪ್ಪು ಇಲಿಯದಲ್ಲ. ಅದು ಕಡಿದದ್ದನ್ನು ಹಿಂದೆ ಯಾವಾಗಲೋ ಯಾರೋ ಸುಮ್ನೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಎಂಜಿನ್ ಬಿಸಿಗೆ ಆ ಟೇಪ್ ಬೆಲ್ಲದ ಪಾಕದ ಹಾಗೆ ಕರಗಿ ಜಾರಿತ್ತು. ಒಳಗೆ ತಾಮ್ರ ಹಸಿರು ಕಿಲುಬು. ಕಪ್ಲರ್‌ನ ಲಾಕ್ ಮುರಿದಿತ್ತು, ಒಂದು ಪಿನ್ನಿನ ಹಿಂದೆ ಇರಬೇಕಾದ ರಬ್ಬರ್ ಸೀಲ್ ಇರಲೇ ಇಲ್ಲ.

ತೊಂದರೆ ಇಷ್ಟೇ ಜಾಗದ್ದು ಅಂದುಕೊಂಡಿದ್ದೆ. ಒಂದು ಇಂಚು ಕತ್ತರಿಸಿ ಸಿಪ್ಪೆ ಸುಲಿದರೆ ಎಳೆಗಳು ಕಪ್ಪು. ಇನ್ನೊಂದು ಇಂಚು, ಇನ್ನೂ ಕಪ್ಪು. ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಹೊಳೆಯುತ್ತಿದೆ! ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ವೈರಿನ ಎಳೆಗಳ ನಡುವೆ ನೀರು ಒಳಗೊಳಗೇ ಹತ್ತಿರುತ್ತದೆ. ಕೆಂಪಗೆ ಮಿನುಗುವ ತಾಮ್ರ ಸಿಗುವ ಹೊತ್ತಿಗೆ ಏಳು ಇಂಚು ಹೋಗಿತ್ತು. ಕಪ್ಪು ತಾಮ್ರಕ್ಕೆ ಬೆಸುಗೆ ಹತ್ತುವುದಿಲ್ಲ, ಸೀಸ ಮುತ್ತಿನ ಹಾಗೆ ಉರುಳಿ ಬೀಳುತ್ತದೆ. ಪ್ರಯತ್ನ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಅದೇ ಸೀಲ್, ಅದೇ ಟರ್ಮಿನಲ್ ಇರುವ ಎರಡು ಪಿನ್ನಿನ ಕಪ್ಲರ್ ಇಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಚಿಕ್ಕಪ್ಪನ ಮಗ ತಂದುಕೊಟ್ಟ. ಜೊತೆಗೆ 0.5 ಚದರ ಮಿಲಿಮೀಟರ್ ವೈರು, ಒಳಗೆ ಅಂಟು ಇರುವ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಕುಗ್ಗಿ ವೈರನ್ನು ಅಪ್ಪುವ ಕೊಳವೆ). ಅಂಟಿಲ್ಲದ ಮಾಮೂಲಿ ಸ್ಲೀವ್ ನಮ್ಮ ಮಳೆಗೆ ಏನೂ ಸಾಲದು.

ಬೆಸುಗೆ ಒಳ್ಳೆಯದೋ ಕ್ರಿಂಪ್ (ಲೋಹದ ಪುಟ್ಟ ಕೊಳವೆಯಲ್ಲಿ ವೈರು ಇಟ್ಟು ಇಕ್ಕಳದಿಂದ ಒತ್ತುವುದು) ಒಳ್ಳೆಯದೋ ಅಂತ ಜಗಳ ಆಡುವವರು ಆಡಲಿ, ನಮ್ಮಲ್ಲಿ ಅದನ್ನು ಕರೆಂಟ್ ತೀರ್ಮಾನ ಮಾಡಿತು. ಎಲ್ಲೋ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಹಾಗಾಗಿ ಕ್ರಿಂಪ್. ನಿಜ ಹೇಳಬೇಕು ಅಂದರೆ ಅಲುಗಾಡುವ ಜಾಗಕ್ಕೆ ಅದೇ ಸರಿ, ಬೆಸುಗೆ ಹಾಕಿದ ವೈರು ಸೀಸ ಮುಗಿಯುವ ಕಡೆ ಗಡುಸಾಗಿ ಅಲ್ಲೇ ಮುರಿಯುತ್ತದೆ. ನನ್ನ ಮೊದಲ ಕ್ರಿಂಪ್ ಎಳೆದು ನೋಡಿದಾಗ ಕೈಗೇ ಬಂತು. ಎರಡನೆಯದು ನಿಂತಿತು. ಎರಡು ವೈರಿನ ಜೋಡಣೆ ಒಂದೇ ಜಾಗದಲ್ಲಿ ಬಂದರೆ ಗಂಟು ದಪ್ಪವಾಗುತ್ತದೆ ಅಂತ ಒಂದರಿಂದ ಇನ್ನೊಂದನ್ನು ಒಂದೂವರೆ ಇಂಚು ಆಚೆ ಮಾಡಿದೆ. ಲೈಟರ್‌ನಿಂದ ಸ್ಲೀವ್ ಕಾಯಿಸಿದೆ. ಎರಡೂ ತುದಿಯಲ್ಲಿ ಅಂಟು ಸಣ್ಣ ಉಂಗುರದ ಹಾಗೆ ಹೊರಗೆ ಉಕ್ಕಿದರೆ ಕೂತಿದೆ ಅಂತ ಅರ್ಥ. ಮೇಲೆ ಬಟ್ಟೆ ಟೇಪ್. ಕೀ ತಿರುಗಿಸಿದೆ. 21 ಡಿಗ್ರಿ. ಅಮ್ಮನನ್ನು ಕರೆದು ತೋರಿಸಿದೆ. "ಅದಕ್ಕೇನೀಗ?" ಅಂದರು.

ಆಮೇಲೆ ಮ್ಯಾಪ್ ಸೆನ್ಸರ್. ಅದು ಇಂಟೇಕ್ ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ ಒಳಗೆ ಗಾಳಿ ಹೋಗುವ ಕೊಳವೆಯ, ಒತ್ತಡ ಅಳೆಯುವಂಥದ್ದು, ಮೂರು ವೈರು: 5 ವೋಲ್ಟ್, ಸಿಗ್ನಲ್, ಅರ್ಥ್. ಎಂಜಿನ್ ಓಡುವಾಗ ಕಪ್ಲರ್ ಅಲುಗಾಡಿಸಿದರೆ ಐಡಲ್ (ಆಕ್ಸಲರೇಟರ್ ಒತ್ತದಾಗಿನ ಓಟ) ಮುಗ್ಗರಿಸುತ್ತಿತ್ತು. ಅರ್ಥ್ ಪಿನ್ನಿಗೆ ಕಿಲುಬು. ಕ್ಲೀನರ್ ಹೊಡೆದು, ಸಡಿಲವಾಗಿದ್ದ ಟರ್ಮಿನಲ್ ಸೂಜಿಯಿಂದ ಸ್ವಲ್ಪ ಒತ್ತಿ ಬಿಗಿ ಮಾಡಿದೆ. ಮುಗಿಯಿತು ಅಂದುಕೊಂಡು ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ನೋಡಿದರೆ 88 ಕಿಲೋಪ್ಯಾಸ್ಕಲ್. ಎಂಜಿನ್ ಆಫ್ ಇದ್ದಾಗ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. ಎಲ್ಲ ಕಡೆ 101 ಬರಬೇಕು ಅಂತ ಇರುತ್ತದೆ, ಅಲ್ವಾ? ಅರ್ಧ ದಿನ ಮತ್ತೆ ಪಿನ್ ಕೆದಕುತ್ತಾ ಕೂತೆ. 101 ಸಮುದ್ರ ಮಟ್ಟದ ಲೆಕ್ಕ, ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ ಅಂತ ತಲೆಗೆ ಹೊಳೆದದ್ದು ಸಂಜೆ ಕಾಫಿ ಕುಡಿಯುವಾಗ. ಇಷ್ಟು ಎತ್ತರಕ್ಕೆ 88 ಸರಿಯಾದ ಲೆಕ್ಕವೇ. ಮಾರನೇ ದಿನ ಕುಶಾಲನಗರಕ್ಕೆ ಇಳಿದು ಬಸ್ ಸ್ಟ್ಯಾಂಡ್ ಹತ್ತಿರ ಎಂಜಿನ್ ಆಫ್ ಮಾಡಿ ನೋಡಿದೆ. 92. ಬಿಸಿ ಎಂಜಿನ್ ಅಲ್ಲೇ ಮತ್ತೆ ಸ್ಟಾರ್ಟ್ ಮಾಡಿದೆ, ಮೊದಲ ತಿರುವಿಗೇ ಹಿಡಿಯಿತು.

ಉಳಿದದ್ದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ಕಪ್ಲರ್. ಬಿಸಿಗೆ ಪ್ಲಾಸ್ಟಿಕ್ ಹಪ್ಪಳದಂತಾಗಿ, ಬಿಚ್ಚುವಾಗ ಲಾಕ್ ನನ್ನ ಕೈಯಲ್ಲೇ ಮುರಿಯಿತು. ಸದ್ಯಕ್ಕೆ ಕೇಬಲ್ ಟೈ ಹಾಕಿ ಬಿಗಿದಿದ್ದೇನೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಪೊಳ್ದ್ ಹಬ್ಬದ ಒಳಗೆ ಹೊಸದು ಬರಬೇಕು. ಶೆಡ್ಡಿನ ಬಾಗಿಲ ಕೆಳಗೆ ತಂತಿ ಜಾಲರಿ ಹೊಡೆದೆ. ನಿನ್ನೆ ಬೆಳಿಗ್ಗೆ ಬ್ಯಾಟರಿಯ ಮೇಲೆ ಅರ್ಧ ತಿಂದ ಪೇರಲೆ ಕಾಯಿ ಇತ್ತು, ಹಾಗಾಗಿ ಜಾಲರಿ ಹೊಡೆಯುವಾಗ ಇಲಿ ಒಳಗೇ ಇತ್ತು ಅಂತ ಕಾಣುತ್ತದೆ.