ಗಿಟಾರ್ ಕಲಿಕೆ, ಆರನೇ ವಾರ: ಮೂರರ ಏಟು ಎಲ್ಲಿ ಹೋಯ್ತು?

ಪುನರ್ವಸು ಮಳೆ ಹಿಡಿದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ಹಾಗಾಗಿ ಅಭ್ಯಾಸ ಜಾಸ್ತಿಯೇ ಆಯಿತು. ದಿನಕ್ಕೆ ಅರ್ಧ ಗಂಟೆ ಅಂದುಕೊಂಡಿದ್ದು, ಕರೆಂಟ್ ಇಲ್ಲದ ದಿನ ಒಂದೂವರೆ ಗಂಟೆಗೂ ಹೋಗಿದೆ.

ಬರೀ ಡೌನ್ ಏಟು (ಕೈ ತಂತಿಗಳ ಮೇಲೆ ಮೇಲಿಂದ ಕೆಳಕ್ಕೆ; ಅಪ್ ಅಂದರೆ ಕೆಳಗಿಂದ ಮೇಲಕ್ಕೆ) ಈಗ ಸಲೀಸು. ಸಿಕ್ಕಿಬಿದ್ದಿದ್ದು ಎಲ್ಲರೂ ಶುರುವಿನಲ್ಲೇ ಕಲಿಯುವ ಪ್ಯಾಟರ್ನ್‌ನಲ್ಲಿ: ಡೌನ್, ಡೌನ್-ಅಪ್, ಅಪ್-ಡೌನ್-ಅಪ್. ನಾಲ್ಕು ಎಣಿಸಿದರೆ ಮೂರರ ಮೇಲೆ ಏಟೇ ಇಲ್ಲ, ಮೂರು ಕಳೆದು ಅರ್ಧಕ್ಕೆ ಅಪ್ ಬರುತ್ತದೆ. ನಾನು ಎರಡರ ಅಪ್ ಆದಮೇಲೆ ಕೈಯನ್ನು ಮೇಲೆಯೇ ನಿಲ್ಲಿಸಿ ಕಾಯುತ್ತಿದ್ದೆ. ಆಮೇಲೆ ಗಡಿಬಿಡಿಯಲ್ಲಿ ಕೆಳಗಿಳಿಸಿ ಮತ್ತೆ ಅಪ್. ಅಷ್ಟರಲ್ಲಿ ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೊನೋಮ್ ಮುಂದೆ ಹೋಗಿರುತ್ತಿತ್ತು.

ಚಿಕ್ಕಮ್ಮ ಹಿಂದೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದವರು. ಗಿಟಾರ್ ಮುಟ್ಟಿದವರಲ್ಲ. ಜಗಲಿಯಲ್ಲಿ ಕೂತು ಕೇಳುತ್ತಿದ್ದವರು, "ಎಂತಕ್ಕೆ ಮಾರಾಯ ಕೈ ನಿಲ್ಲಿಸ್ತೀಯ? ಹುಸಿ ಹಾಕು" ಅಂದರು. ಆಮೇಲೆ ಆದಿತಾಳ ಹಾಕಿ ತೋರಿಸಿದರು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು-ಹುಸಿ, ಪೆಟ್ಟು-ಹುಸಿ. ಹುಸಿಯಲ್ಲಿ ಸದ್ದಿಲ್ಲ, ಆದರೆ ಅಂಗೈ ತಿರುಗಿ ಬೀಸುತ್ತದೆ. ಎಣಿಕೆಯಲ್ಲಿ ಅದಕ್ಕೂ ಪೂರ್ತಿ ಒಂದು ಅಕ್ಷರ.

ಅಯ್ಯೋ, ಇಷ್ಟೇ ಅಲ್ವಾ! ಮೂರಕ್ಕೂ ಕೈ ಕೆಳಗಿಳಿಯಬೇಕು, ತಂತಿಗೆ ಮಾತ್ರ ತಾಗಬಾರದು. ಎಡಗೈಯನ್ನು ಸುಮ್ನೆ ತಂತಿಗಳ ಮೇಲೆ ಒರಗಿಸಿ, ಕಾರ್ಡ್ (ಬೆರಳೊತ್ತಿ ಹಿಡಿಯುವ ಸ್ವರಗುಚ್ಛ) ಗೊಡವೆ ಬಿಟ್ಟು, ನಿಮಿಷಕ್ಕೆ 60 ಎಣಿಕೆಯ ವೇಗದಲ್ಲಿ ಬರೀ ಚಕ್ ಚಕ್ ಅಂತ ಎರಡು ದಿನ ಬಾರಿಸಿದೆ. 0.88 ಮಿ.ಮೀ. ದಪ್ಪದ ಪಿಕ್ (ತಂತಿ ಮೀಟುವ ಬಿಲ್ಲೆ), ಅಪ್ ಏಟಿನಲ್ಲಿ ತಂತಿಗೆ ಸಿಕ್ಕಿಕೊಳ್ಳುತ್ತಿತ್ತು, 0.46ರದ್ದು ಬಾಗಿ ಜಾರುತ್ತದೆ. ಮೂರನೇ ದಿನ ಕೈ ತಾನಾಗಿಯೇ ಹೋಗತೊಡಗಿತು.

ಈಗ 72ರಲ್ಲಿ ಗಟ್ಟಿ. 80ಕ್ಕೆ ಜಿಯಿಂದ ಸಿ ಕಾರ್ಡ್‌ಗೆ ಹೋಗುವಾಗ ಬೆರಳು ತಡವರಿಸುತ್ತದೆ. ಕೊನೆಯ ಅಪ್ ಏಟಿಗೆ ಬೆರಳು ಎತ್ತಿ ಖಾಲಿ ತಂತಿ ಮೀಟಿದರೆ ಸ್ವಲ್ಪ ಸಮಯ ಸಿಗುತ್ತದೆ. ವೇಗದಲ್ಲಿ ಗೊತ್ತಾಗುವುದಿಲ್ಲ. ಚಿಕ್ಕಮ್ಮನಿಗೆ ಗೊತ್ತಾಯಿತು.

ತಂತಿಯದ್ದು ಬೇರೆ ಗೋಳು. ಥಂಡಿಗೆ ಒಂದನೇ ತಂತಿ ತುಕ್ಕು ಹಿಡಿದು ಬೆರಳಿಗೆ ತರಿತರಿ. ಬಚ್ಚಲೊಲೆ ಮೇಲೆ ಬಟ್ಟೆ ಜೊತೆ ಗಿಟಾರನ್ನೂ ಒಣಗಿಸು ಅಂತ ತಮ್ಮನ ಸಲಹೆ. ಶಾಖಕ್ಕೆ ಅಂಟು ಬಿಟ್ಟರೆ ಅವನೇನು ಕೊಡಿಸುತ್ತಾನಾ? ಬಾರಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಶೂ ಡಬ್ಬದಲ್ಲಿದ್ದ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೇಸಿನಲ್ಲಿ ಇಡುತ್ತಿದ್ದೇನೆ.

ಸಂಜೆ ಈಗ ಮೆಟ್ರೊನೋಮ್ ಇಲ್ಲ, ಚಿಕ್ಕಮ್ಮನ ತಾಳವೇ. ನನ್ನ ನಾಲ್ಕರ ಎಣಿಕೆ ಎರಡು ಸಲ ಮುಗಿದರೆ ಅವರದ್ದು ಒಂದು ಆವರ್ತನೆ. ನಿನ್ನೆ ಹನ್ನೊಂದು ಆವರ್ತನೆ ಒಟ್ಟಿಗೆ ಹೋದೆವು. ಹನ್ನೆರಡನೆಯದರಲ್ಲಿ ಸಿ ಕಾರ್ಡ್‌ಗೆ ತಡ ಮಾಡಿದೆ. ಅವರು ಎದ್ದು ಕಾಫಿಗೆ ನೀರಿಡಲು ಹೋದರು.